ಎಡಗಡೆ ಉಳಿದ ಅಭಿಧಮನಿ

ಮಲ್ಲಂದೂರು ಸುತ್ತಿನ ಕಾಫಿ ತೋಟಗಳಲ್ಲಿ ವಯಸ್ಸಾದವರು ಕಣ್ಣು ಕತ್ತಲೆ ಬಂದು ಬಿದ್ದರೆ ಪಿತ್ತ, ನಿಶ್ಶಕ್ತಿ ಎಂದು ನಿಂಬೆಹಣ್ಣಿನ ಪಾನಕ ಕೊಟ್ಟು ಮಲಗಿಸುವುದುಂಟು. ಹೃದಯದ ವಿದ್ಯುತ್ ಸಂಜ್ಞೆ ಮೇಲಿನ ಕೋಣೆಯಿಂದ ಕೆಳಗಿಳಿಯದೆ ನಾಡಿ ನಿಮಿಷಕ್ಕೆ 30–40ಕ್ಕೆ ಕುಸಿದಿದೆ ಎಂಬುದು ಇಸಿಜಿ ತೆಗೆದ ಮೇಲೆ ತಿಳಿಯುತ್ತದೆ. ಆಮೇಲೆ ನಾಡಿಯನ್ನು ಕಾಯುವ ಪೇಸ್‌ಮೇಕರ್ ಹಾಕಿಸಲು ಘಟ್ಟ ಇಳಿದು ಮಂಗಳೂರು, ಮಣಿಪಾಲ. ಇಲ್ಲವೇ ಬೆಂಗಳೂರಿನ ಜಯದೇವ ಆಸ್ಪತ್ರೆ.

1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್‌ನಲ್ಲಿ ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೆ ಜಗತ್ತಿನ ಮೊದಲ ಪೇಸ್‌ಮೇಕರ್ ಅಳವಡಿಸಿದಾಗ ಎದೆಯನ್ನೇ ತೆರೆಯಬೇಕಾಯಿತು. ಇಂದು ಸಾಮಾನ್ಯವಾಗಿ ಎಡ ಕೊರಳೆಲುಬಿನ ಕೆಳಗೆ ಸಣ್ಣ ಗಾಯ ಸಾಕು. ತಂತಿಯನ್ನು ಅಭಿಧಮನಿಯೊಳಗೆ ತೂರಿಸುತ್ತಾರೆ. ಅದು ಎದೆಯ ಬಲಕ್ಕೆ ದಾಟಿ, ಮೇಲಿನ ಮಹಾಭಿಧಮನಿಯಲ್ಲಿ ಇಳಿದು ಬಲ ಹೃತ್ಕುಕ್ಷಿ ಸೇರುತ್ತದೆ.

ಕೆಲವರಲ್ಲಿ ಮಾತ್ರ ತಂತಿ ಬಲಕ್ಕೆ ಹೊರಳದೆ ಬೆನ್ನೆಲುಬಿನ ಎಡಕ್ಕೇ ನೇರ ಇಳಿಯುವುದು ಎಕ್ಸ್‌ರೇ ಪರದೆಯಲ್ಲಿ ಕಾಣುತ್ತದೆ. ಗರ್ಭದಲ್ಲಿ ಎಲ್ಲರಿಗೂ ಎಡಗಡೆಯೂ ಒಂದು ಅಭಿಧಮನಿ ಇರುತ್ತದೆ, ಹುಟ್ಟುವ ಮೊದಲೇ ಮುಚ್ಚಿಹೋಗುತ್ತದೆ. ಸಾವಿರದಲ್ಲಿ ಮೂರರಿಂದ ಐದು ಮಂದಿಯಲ್ಲಿ ಅದು ಬತ್ತದ ಹಳ್ಳದಂತೆ ಉಳಿದು, ಸಾಮಾನ್ಯವಾಗಿ ಕರೋನರಿ ಸೈನಸ್ ಎಂಬ ನಾಳದ ಮೂಲಕ ಬಲ ಹೃತ್ಕರ್ಣಕ್ಕೆ ಸೇರುತ್ತದೆ. ಬಹುತೇಕರಿಗೆ ಇದರಿಂದ ತೊಂದರೆಯೇ ಇಲ್ಲ, ಇದೆಯೆಂದೂ ಗೊತ್ತಿರುವುದಿಲ್ಲ.

ಕಷ್ಟ ಎದುರಾಗುವುದು ವೈದ್ಯರ ಕೈಗೆ. ಕರೋನರಿ ಸೈನಸ್‌ನ ಬಾಯಿಂದ, ಹೃತ್ಕರ್ಣ ಮತ್ತು ಹೃತ್ಕುಕ್ಷಿಯ ನಡುವಿನ ಕವಾಟದತ್ತ ತಿರುಗುವ ಕೋನ ತೀರಾ ಕಡಿದು. ತಂತಿ ನೇರ ಹೋಗಲೊಲ್ಲದು. ಹೃತ್ಕರ್ಣದ ಹೊರಗೋಡೆಗೆ ಆನಿಸಿ, ಒಂದು ಸುತ್ತು ಸುತ್ತಿಸಿ, ಕವಾಟ ದಾಟಿಸಬೇಕು. ತುದಿಗೆ ಸ್ಕ್ರೂ ಇರುವ ತಂತಿಯಾದರೆ ಜಾರದೆ ಕೂರುತ್ತದೆ. ಬಲಗಡೆ ಮಹಾಭಿಧಮನಿ ಇದ್ದರೆ ಆ ಭುಜದಿಂದಲೇ ಹೋಗಬಹುದು. ಅಪರೂಪಕ್ಕೆ ಅದೂ ಇರುವುದಿಲ್ಲ. ಆಗ ತೊಡೆಸಂದಿನ ಅಭಿಧಮನಿಯಿಂದ ಏರಿಸುವ ತಂತಿಯಿಲ್ಲದ ಪೇಸ್‌ಮೇಕರ್ ಒಂದು ದಾರಿ, ಹೃದಯದ ಹೊರಮೈಗೆ ತಂತಿ ಹೊಲಿಯುವ ಶಸ್ತ್ರಚಿಕಿತ್ಸೆ ಇನ್ನೊಂದು. ಮೊದಲನೆಯದು ದುಬಾರಿ.

ಸುಳಿವು ಮೊದಲೇ ಸಿಗಬಹುದು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಹೃದಯದ ಎಕೋ ಪರೀಕ್ಷೆಯಲ್ಲಿ ಕರೋನರಿ ಸೈನಸ್ ಹಿಗ್ಗಿದಂತೆ ಕಂಡರೆ ಅನುಮಾನಿಸಬೇಕು. ಕಲಕಿದ ಸಲೈನನ್ನು ಎಡಗೈಗೆ ಚುಚ್ಚಿದಾಗ ಗುಳ್ಳೆಗಳು ಮೊದಲು ಅಲ್ಲೇ ಮೂಡಿದರೆ ಅನುಮಾನ ಬಲವಾಗುತ್ತದೆ. ದೊಡ್ಡ ಯಂತ್ರ ಬೇಡದ, ಕೆಲವೇ ನಿಮಿಷಗಳ ಪರೀಕ್ಷೆ ಇದು. ಸುಳಿವು ಕಂಡಲ್ಲಿ ಇದನ್ನು ಬಿಡಬಾರದು.

ಪೇಸ್‌ಮೇಕರ್‌ನ ಬ್ಯಾಟರಿ ಸುಮಾರು ಹತ್ತು ವರ್ಷ ಬರುತ್ತದೆ. ತಂತಿ ಕೆಟ್ಟರೆ, ಸೋಂಕಾದರೆ, ಡಯಾಲಿಸಿಸ್‌ಗೆ ಕೊರಳಲ್ಲಿ ನಳಿಕೆ ಹಾಕಬೇಕಾದರೆ, ಆಗ ಬೇರೊಂದು ಊರಿನ ಬೇರೊಬ್ಬ ವೈದ್ಯರಿರುತ್ತಾರೆ. ಆದ್ದರಿಂದ ಮನೆಯವರಲ್ಲಿ ಒಂದು ವಿನಂತಿ: ಅಭಿಧಮನಿ ಎಡಗಡೆ ಇಳಿದಿದೆ ಎಂದು ವೈದ್ಯರು ಹೇಳಿದ್ದರೆ ಅದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ, ಪೇಸ್‌ಮೇಕರ್ ಕಾರ್ಡಿನ ಜೊತೆಗೇ ಇಡಿ, ಮುಂದಿನ ವೈದ್ಯರಿಗೆ ಮೊದಲು ಅದನ್ನೇ ತೋರಿಸಿ.