ವಿಮಾನ ಪ್ರಯಾಣಿಕರ ನಷ್ಟಪರಿಹಾರ

2025ನೆಯ ಇಸವಿಯ ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ಇಂಡಿಗೋ ಕಂಪನಿಯ ವಿಮಾನ ಸಂಚಾರವು ದೇಶದಾದ್ಯಂತ ಕುಸಿದುಬಿದ್ದ ಸಂಗತಿಯನ್ನು ನಮ್ಮ ವಾಚಕರು ಮರೆತಿರಲಾರರು. ಆ ತಿಂಗಳ 5ನೆಯ ತಾರೀಖು ಒಂದೇ ದಿನ ಸಾವಿರಕ್ಕೂ ಮಿಕ್ಕಿದ ವಿಮಾನಗಳು ರದ್ದಾದವು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಸಾವಿರಾರು ಜನರು ದಿಕ್ಕುತೋಚದೆ ಕಾದು ಕುಳಿತರು. ಹುಬ್ಬಳ್ಳಿಯಲ್ಲಿ ನಡೆದ ಆರತಕ್ಷತೆಯೊಂದಕ್ಕೆ ಸ್ವತಃ ವಧೂವರರೇ ಭುವನೇಶ್ವರದಿಂದ ಬಂದು ಮುಟ್ಟಲಾರದೆ, ನೆರೆದ ಬಂಧುಗಳಿಗೆ ಪರದೆಯ ಮೇಲೆ ದರ್ಶನ ಕೊಡಬೇಕಾಯಿತು. ಕೇಳಿದವರಿಗೆ ಇದು ವಿನೋದವಾಗಿ ತೋರಬಹುದು, ಅನುಭವಿಸಿದವರಿಗೆ ವಿನೋದವಲ್ಲ. ಗೊತ್ತಾದ ವೇಳೆಗೆ ಗೊತ್ತಾದ ಊರಿಗೆ ಮುಟ್ಟಿಸುವೆವೆಂದು ಮುಂಗಡವಾಗಿ ಹಣ ಪಡೆದವರು ಮಾತು ತಪ್ಪಿದರೆ, ಅದರ ನಷ್ಟವನ್ನು ಹೊರತಕ್ಕವರು ಯಾರು? ಈ ಪ್ರಶ್ನೆಗೆ ನಮ್ಮ ದೇಶದ ನಿಯಮಗಳು ಕೊಡುವ ಉತ್ತರವು ಅರೆಮನಸ್ಸಿನದೆಂದು ನಾವು ಹೇಳಬೇಕಾಗಿದೆ.

ಆ ದಿನಗಳಲ್ಲಿ ಬಿರುಗಾಳಿ ಬೀಸಿರಲಿಲ್ಲ, ಯುದ್ಧವೂ ಒದಗಿರಲಿಲ್ಲ. ಚಾಲಕರ ದಣಿವಿನಿಂದ ಅಪಾಯವಾಗಬಾರದೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಅವರ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48 ಗಂಟೆಗಳಿಗೆ ಹೆಚ್ಚಿಸಿ, ರಾತ್ರಿಯ ಇಳಿತಗಳನ್ನು ಆರರಿಂದ ಎರಡಕ್ಕೆ ತಗ್ಗಿಸಿತ್ತು. ಈ ನಿಯಮಗಳು ಪ್ರಕಟವಾದುದು 2024ರ ಜನವರಿಯಲ್ಲಿ. ಅವುಗಳ ಎರಡನೆಯ ಕಂತು ಜಾರಿಗೆ ಬಂದುದು 2025ರ ನವೆಂಬರ್ 1ರಂದು. ಹೆಚ್ಚುಕಡಿಮೆ ಎರಡು ವರುಷಗಳ ಅವಧಿಯಿದ್ದರೂ, ದೇಶದೊಳಗಿನ ಪ್ರಯಾಣಿಕರಲ್ಲಿ ನೂರಕ್ಕೆ ಅರವತ್ತಕ್ಕೂ ಮಿಕ್ಕಿದವರನ್ನು ಒಯ್ಯುತ್ತಿದ್ದ ಕಂಪನಿಯು ಸಾಕಷ್ಟು ಚಾಲಕರನ್ನು ಸಿದ್ಧಪಡಿಸಿಕೊಳ್ಳಲಿಲ್ಲ. ತನ್ನ ಅಂದಾಜು ತಪ್ಪಿತೆಂದು ಅದೇ ಒಪ್ಪಿಕೊಂಡಿತು. ಕೊನೆಗೆ ಆದ ಪರಿಹಾರವಾದರೂ ಏನು? ಚಾಲಕರ ವಿಶ್ರಾಂತಿಯ ನಿಯಮಗಳಲ್ಲಿ ಕೆಲವನ್ನು ಆ ಕಂಪನಿಯ ಮಟ್ಟಿಗೆ 2026ರ ಫೆಬ್ರುವರಿ 10ರ ವರೆಗೆ ಸಡಿಲಿಸಲಾಯಿತು. ಧನಿಗಳ ತಪ್ಪಿಗೆ ದುಡಿಯುವವರ ನಿದ್ರೆಯನ್ನು ತೆರುವ ಈ ಏರ್ಪಾಡನ್ನು ನಾವು ಮೆಚ್ಚಲಾರೆವು.

ಇನ್ನು ಪ್ರಯಾಣಿಕರ ಪಾಲಿಗೆ ಬಂದುದೇನೆಂಬುದನ್ನು ನೋಡೋಣ. 2016ರಲ್ಲಿ ಗೊತ್ತುಮಾಡಿದ ಮೊತ್ತಗಳೇ 2025ರ ಡಿಸೆಂಬರಿನಲ್ಲಿಯೂ ನಡೆಯುತ್ತಿದ್ದವು. ಅದರಂತೆ, ಹೊರಡುವ ವೇಳೆಗೆ 24 ಗಂಟೆಗಳಿಗಿಂತ ಈಚೆಗೆ ವಿಮಾನವನ್ನು ರದ್ದುಮಾಡಿದರೆ ಟಿಕೆಟಿನ ಹಣವನ್ನು ಮರಳಿಸುವುದಲ್ಲದೆ ಪರಿಹಾರವನ್ನೂ ಕೊಡತಕ್ಕದ್ದು: ಒಂದು ಗಂಟೆಯೊಳಗಿನ ಹಾದಿಗೆ 5,000, ಎರಡು ಗಂಟೆಯೊಳಗಿನದಕ್ಕೆ 7,500, ಅದಕ್ಕೂ ಮೀರಿದುದಕ್ಕೆ 10,000 ರೂಪಾಯಿ. ಆದರೆ ಮೂಲದರ ಮತ್ತು ಇಂಧನದ ಶುಲ್ಕಗಳು ಕೂಡಿ ಇದಕ್ಕಿಂತ ಕಡಿಮೆಯಾದರೆ ಆ ಕಡಿಮೆಯ ಮೊತ್ತವಷ್ಟೇ ಸಲ್ಲುವುದು. ನ್ಯಾಯದ ತಕ್ಕಡಿಯು ಇಲ್ಲಿ ಯಾವ ಕಡೆಗೆ ವಾಲಿದೆಯೆಂಬುದು ಸ್ಪಷ್ಟವಾಗಿದೆ. ಡಿಸೆಂಬರ್ 6ರಂದು ಸರಕಾರವು ಗಗನಕ್ಕೇರಿದ ದರಗಳಿಗೆ ಕಡಿವಾಣ ಹಾಕಿದಾಗ, 1,500 ಕಿಲೋಮೀಟರಿಗೂ ಮೀರಿದ ಹಾದಿಗೆ 18,000 ರೂಪಾಯಿಗಳ ಮಿತಿಯನ್ನು ಗೊತ್ತುಮಾಡಿತು. ಬೆಂಗಳೂರಿನಿಂದ ದಿಲ್ಲಿಗೆ ಹೋಗತಕ್ಕವನು ಬೇರೊಂದು ವಿಮಾನಕ್ಕೆ ಅಷ್ಟನ್ನು ತೆರಬಹುದಾಗಿತ್ತು. ಅವನಿಗೆ ದೊರೆಯುವ ಪರಿಹಾರವಾದರೋ ಹೆಚ್ಚೆಂದರೆ 10,000. ಬಹಳ ತೊಂದರೆಪಟ್ಟವರಿಗೆ ಕಂಪನಿಯು ಬೇರೆಯಾಗಿ 10,000 ರೂಪಾಯಿಗಳ ಚೀಟಿಗಳನ್ನು ಸಾರಿತು. ಅವು ಹನ್ನೆರಡು ತಿಂಗಳೊಳಗೆ ಅದೇ ಕಂಪನಿಯ ವಿಮಾನವನ್ನೇರಿದವರಿಗೆ ಮಾತ್ರ ಉಪಯುಕ್ತವಾದವು.

ವಿಮಾನವು ರದ್ದಾಗದೆ ಬರಿದೆ ತಡವಾದರಂತೂ ನಮ್ಮ ನಿಯಮವು ನಗದು ಪರಿಹಾರದ ಮಾತನ್ನೇ ಎತ್ತುವುದಿಲ್ಲ. ಕಾಯುವವನಿಗೆ ಊಟೋಪಹಾರ, ಆರು ಗಂಟೆಗಳಿಗೆ ಮೀರಿದರೆ ಬೇರೊಂದು ವಿಮಾನ ಇಲ್ಲವೆ ಟಿಕೆಟಿನ ಹಣ, ಇಡೀ ದಿನ ಕಳೆದರೆ ವಸತಿ, ಇಷ್ಟೇ. ಯುರೋಪಿಯನ್ ಒಕ್ಕೂಟವು 2004ರಲ್ಲಿ ಮಾಡಿದ ಶಾಸನವು ದೂರಕ್ಕನುಗುಣವಾಗಿ 250ರಿಂದ 600 ಯೂರೋಗಳ ಪರಿಹಾರವನ್ನು ವಿಧಿಸಿತು. ಟಿಕೆಟಿನ ಬೆಲೆ ಎಷ್ಟೆಂದು ಅದು ಕೇಳಲಿಲ್ಲ. ಮೂರು ಗಂಟೆ ಇಲ್ಲವೆ ಅದಕ್ಕೂ ಹೆಚ್ಚು ತಡವಾಗಿ ಮುಟ್ಟಿದವರಿಗೂ ಅದು ಸಲ್ಲತಕ್ಕದ್ದೆಂದು ಅಲ್ಲಿಯ ನ್ಯಾಯಾಲಯವು 2009ರಲ್ಲಿ ತೀರ್ಪಿತ್ತಿತು. ಯಂತ್ರದ ಸಾಮಾನ್ಯ ದೋಷವು ‘ಅಸಾಧಾರಣ ಸಂದರ್ಭ’ವಾಗಲಾರದೆಂದು 2008ರಲ್ಲಿಯೇ ಅದು ಹೇಳಿತ್ತು. ನಮ್ಮಲ್ಲಿ ಕಂಪನಿಗಳಿಗೆ ಆಸರೆಯಾಗಿರುವುದು ಇದೇ ‘ಅಸಾಧಾರಣ ಸಂದರ್ಭ’ದ ಮಾತು. ದಿಲ್ಲಿಯ ಚಳಿಗಾಲದ ಮಂಜಿಗೆ ಯಾರೂ ಕಂಪನಿಯನ್ನು ದೂರಲಾರರು. ಆದರೆ ಎರಡು ವರುಷ ಮೊದಲೇ ತಿಳಿದಿದ್ದ ನಿಯಮಕ್ಕೆ ಸಿದ್ಧರಾಗದಿರುವುದು ದೈವಾಧೀನವೆ?

ಪರಿಹಾರವನ್ನು ಹೆಚ್ಚಿಸಿದರೆ ಪ್ರಯಾಣದ ದರವೂ ಏರುವುದೆಂದು ಕಂಪನಿಗಳು ವಾದಿಸುವುದುಂಟು. ಸ್ವಲ್ಪ ಏರಲೂಬಹುದು. ಆದರೆ ಇಂದು ಆ ವೆಚ್ಚವು ಇಲ್ಲವಾಗಿದೆಯೆ? ಪರೀಕ್ಷೆ ತಪ್ಪಿದ ವಿದ್ಯಾರ್ಥಿಯೂ, ತಂದೆಯ ಕೊನೆಯ ದರ್ಶನಕ್ಕೆ ಮುಟ್ಟಲಾರದ ಮಗಳೂ ಅದನ್ನು ಒಬ್ಬೊಬ್ಬರಾಗಿ ತೆರುತ್ತಿದ್ದಾರೆ. ತಪ್ಪನ್ನು ತಡೆಯಬಲ್ಲವರ ಮೇಲೆ ಅದರ ಬೆಲೆಯನ್ನು ಹೊರಿಸಿದರೆ ಮಾತ್ರ ತಪ್ಪು ಕಡಿಮೆಯಾದೀತು.

ಸರಕಾರವು ಈ ಕೆಳಗಿನ ಸುಧಾರಣೆಗಳನ್ನು ಕೈಕೊಳ್ಳಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಪರಿಹಾರವು ಟಿಕೆಟಿನ ಬೆಲೆಯನ್ನು ನೋಡದೆ ಸಲ್ಲಲಿ. ದೀರ್ಘವಾದ ವಿಳಂಬಕ್ಕೂ ಅನ್ವಯಿಸಲಿ. ಸಿಬ್ಬಂದಿಯ ಕೊರತೆಯು ನೆಪವಾಗದಿರಲಿ. ಎಲ್ಲಕ್ಕೂ ಮಿಗಿಲಾಗಿ, ಪ್ರಯಾಣಿಕನು ಅರ್ಜಿ ಹಿಡಿದು ಅಲೆಯದೆಯೇ ಅದು ಅವನ ಖಾತೆಗೆ ಜಮೆಯಾಗಲಿ. ಟಿಕೆಟಿನ ಹಣವನ್ನು ಪಡೆಯುವಾಗ ಅವನ ವಿಳಾಸವೂ ಖಾತೆಯೂ ಕಂಪನಿಗೆ ತಿಳಿದಿರುತ್ತವೆ. ಮರಳಿ ಕೊಡುವಾಗ ಮಾತ್ರ ತಿಳಿಯದೆ ಹೋಗುವುದೇಕೆ?

ಅಲ್ಲಿಯ ವರೆಗೆ ಜನರು ಕೈಕಟ್ಟಿ ಕುಳ್ಳಿರಬೇಕಾದುದಿಲ್ಲ. ಟಿಕೆಟು, ರದ್ದತಿಯ ಸಂದೇಶ, ಊಟ ವಸತಿಗಳ ರಸೀದಿ, ಇವನ್ನು ಜೋಪಾನವಾಗಿಟ್ಟು ಮೊದಲು ಕಂಪನಿಗೆ ಲಿಖಿತವಾಗಿ ಕೇಳಬೇಕು. ಉತ್ತರವು ಸಮರ್ಪಕವಾಗಿರದಿದ್ದರೆ ಸರಕಾರದ ಏರ್‌ಸೇವಾ ವ್ಯವಸ್ಥೆಗೂ, 1915 ಎಂಬ ಗ್ರಾಹಕ ಸಹಾಯವಾಣಿಗೂ ದೂರು ಕೊಡಬಹುದು. ಅದೂ ಫಲಿಸದಿದ್ದರೆ 2019ರ ಗ್ರಾಹಕ ಸಂರಕ್ಷಣ ಕಾಯಿದೆಯಂತೆ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ವಕೀಲರಿಲ್ಲದೆಯೂ, ಎರಡು ವರುಷಗಳೊಳಗಾಗಿ ಫಿರ್ಯಾದು ಹೂಡಬಹುದು. ತೆತ್ತ ಹಣವು ಐದು ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಅದಕ್ಕೆ ಶುಲ್ಕವೂ ಇಲ್ಲ. ಪರದೇಶದ ಪ್ರಯಾಣದಲ್ಲಿ ವಿಳಂಬದಿಂದಾದ ನಷ್ಟಕ್ಕೆ, ಭಾರತವು 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಆಧಾರವೂ ಉಂಟು.

ಐದು ಸಾವಿರ ರೂಪಾಯಿಗಳಿಗಾಗಿ ಇಷ್ಟೊಂದು ಶ್ರಮವೇಕೆಂದು ಹಲವರು ಸುಮ್ಮನಾಗುತ್ತಾರೆ. ಕಂಪನಿಗಳು ನೆಚ್ಚಿರುವುದು ಈ ಮೌನವನ್ನೇ. ಒಬ್ಬನು ಬಿಟ್ಟುಕೊಟ್ಟ ಹಣವು ಅವನಿಗೆ ಅಲ್ಪವಾಗಿ ತೋರಬಹುದು. ಸಾವಿರಾರು ಜನರು ಬಿಟ್ಟುಕೊಟ್ಟುದು ಒಟ್ಟುಗೂಡಿದರೆ ಅದು ಕಂಪನಿಯ ಲಾಭವಾಗುವುದು, ಮುಂದಿನ ನಿರ್ಲಕ್ಷ್ಯಕ್ಕೆ ಧೈರ್ಯವೂ ಆಗುವುದು. ನೊಂದ ಪ್ರತಿಯೊಬ್ಬ ಪ್ರಯಾಣಿಕನೂ ತನಗೆ ಸಲ್ಲತಕ್ಕುದನ್ನು ಕೇಳಿ ಪಡೆಯಲೆಂದು ನಾವು ಆಶಿಸುತ್ತೇವೆ.