ತೀರ್ಪೋ, ಫಲಿತಾಂಶವೋ?

ಟೋಕಿಯೊ ಒಲಿಂಪಿಕ್ಸ್ ಮುಗಿದು ಇಷ್ಟು ಕಾಲವಾದ ಮೇಲೂ ಅಲ್ಲಿಯ ಒಂದು ಬಾಕ್ಸಿಂಗ್ ಪಂದ್ಯದ ಸಲುವಾಗಿ ನಮ್ಮ ಕನ್ನಡ ವಿಭಾಗದ ಪಡಸಾಲೆಯಲ್ಲಿ ವಾಗ್ವಾದ ನಡೆದೀತೆಂದು ನಾನು ಎಣಿಸಿರಲಿಲ್ಲ. ಕಳೆದ ತಿಂಗಳು ಐಚ್ಛಿಕ ಕನ್ನಡದ ಇಬ್ಬರು ವಿದ್ಯಾರ್ಥಿಗಳು ಮೊಬೈಲಿನಲ್ಲಿ ಮೇರಿ ಕೋಮ್ ಅವರ ಕೊನೆಯ ಒಲಿಂಪಿಕ್ ಪಂದ್ಯವನ್ನು ನೋಡುತ್ತ ಕುಳಿತಿದ್ದರು. ನನ್ನನ್ನು ಕಂಡೊಡನೆ ಒಬ್ಬ ಎದ್ದು ನಿಂತು, “ಸರ್, ಮೂರು ರೌಂಡಿನ್ಯಾಗ ಎರಡು ಗೆದ್ದಾಕಿ ಸೋತಳು ಅಂದ್ರ ಹೆಂಗ್ರೀ? ಇದು ಮೋಸ ಅಲ್ಲೇನ್ರೀ?” ಎಂದು ಕೇಳಿದ. ಪಕ್ಕದಲ್ಲಿದ್ದವಳು, “ಇನ್ನೊಮ್ಮೆ ಆಡಿಸಿದ್ರ ಖರೇ ಯಾರು ಗಟ್ಟಿ ಅಂತ ತಿಳೀತಿತ್ತ್ರೀ” ಎಂದಳು. ಆಗ ಗಂಟೆ ಬಾರಿಸಿತು. ಅವರು ತರಗತಿಗೆ ಹೋದರು. ಪ್ರಶ್ನೆಗಳೆರಡೂ ನನ್ನೊಡನೆ ಉಳಿದವು. ಮೋಸವಲ್ಲ ಎಂಬುದು ಮೊದಲನೆಯದಕ್ಕೆ ನನ್ನ ಉತ್ತರ. ತಿಳಿಯುತ್ತಿರಲಿಲ್ಲ ಎಂಬುದು ಎರಡನೆಯದಕ್ಕೆ. ಎರಡಕ್ಕೂ ಕಾರಣ ಕೊಡುವ ಹೊಣೆ ನನ್ನ ಮೇಲಿದೆ.

2021ರ ಜುಲೈ 29ರಂದು ನಡೆದ ಪಂದ್ಯವದು. ಮೇರಿ ಕೋಮ್ ಅವರಿಗೆ ಆಗ ವಯಸ್ಸು 38. ಎದುರಾಳಿ ಕೊಲಂಬಿಯಾದ ಇಂಗ್ರಿಟ್ ವಾಲೆನ್ಸಿಯಾ, 2016ರ ರಿಯೊ ಕೂಟದ ಕಂಚು ವಿಜೇತೆ. ಮೊದಲಿನ ಭೇಟಿಗಳಲ್ಲಿ ಗೆದ್ದವರು ಮೇರಿ. ಈ ಸಲ ಐವರು ನಿರ್ಣಾಯಕರಲ್ಲಿ ಮೂವರು ವಾಲೆನ್ಸಿಯಾ ಪರವಾಗಿಯೂ ಇಬ್ಬರು ಮೇರಿ ಪರವಾಗಿಯೂ ನಿಂತರು. ತಾನು ಸೋತಿರುವುದು ಕಣದಲ್ಲಿ ನಿಂತಾಗ ತನಗೆ ತಿಳಿಯಲೇ ಇಲ್ಲವೆಂದು ಮೇರಿ ಅನಂತರ ಹೇಳಿದರು. ಅವರ ಗೊಂದಲಕ್ಕೆ ಆಧಾರವಿತ್ತು. ಮೊದಲ ಸುತ್ತನ್ನು ನಾಲ್ವರು ನಿರ್ಣಾಯಕರು ವಾಲೆನ್ಸಿಯಾಗೆ, ಒಬ್ಬರು ಮೇರಿಗೆ ಕೊಟ್ಟಿದ್ದರು. ಎರಡನೆಯ ಮತ್ತು ಮೂರನೆಯ ಸುತ್ತುಗಳಲ್ಲಿ ಮೂವರು ಮೇರಿಯ ಕಡೆ, ಇಬ್ಬರು ವಾಲೆನ್ಸಿಯಾ ಕಡೆ. ಎರಡು ಸುತ್ತುಗಳಲ್ಲಿ ಬಹುಮತ ಪಡೆದವರು ಸೋತಂತಾಯಿತು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಸಾಹಿತ್ಯದ ವಿದ್ಯಾರ್ಥಿಗಳೆಂದು ಅಂಕಿಗಳಿಗೆ ಅಂಜಬೇಕಾಗಿಲ್ಲ. ಛಂದಸ್ಸಿನಲ್ಲಿ ಮಾತ್ರೆಗಳನ್ನು ಎಣಿಸಿದವರಿಗೆ ಇದು ಹಗುರವಾದ ಲೆಕ್ಕವೇ. ಸುತ್ತುಗಳನ್ನು ಎಣಿಸಿದರೆ ಮೇರಿ ಎರಡು, ವಾಲೆನ್ಸಿಯಾ ಒಂದು. ಐವರು ಮೂರು ಸುತ್ತುಗಳಲ್ಲಿ ಕೊಟ್ಟ ಹದಿನೈದು ಅಭಿಪ್ರಾಯಗಳನ್ನು ಎಣಿಸಿದರೆ ವಾಲೆನ್ಸಿಯಾಗೆ ನಾಲ್ಕು, ಎರಡು, ಎರಡು ಸೇರಿ ಎಂಟು; ಮೇರಿಗೆ ಒಂದು, ಮೂರು, ಮೂರು ಸೇರಿ ಏಳು. ಆದರೆ ನಿಯಮ ಎಣಿಸುವುದು ಇವೆರಡನ್ನೂ ಅಲ್ಲ. ಪ್ರತಿಯೊಬ್ಬ ನಿರ್ಣಾಯಕನೂ ತನ್ನ ಮೂರು ಸುತ್ತುಗಳ ಅಂಕಗಳನ್ನು ತಾನೇ ಕೂಡಿಸಿ ಒಬ್ಬರನ್ನು ಗೆಲ್ಲಿಸುತ್ತಾನೆ. ಅನಂತರ ನಿರ್ಣಾಯಕರ ತಲೆಯೆಣಿಕೆ ನಡೆಯುತ್ತದೆ. ಎರಡನೆಯ ಸುತ್ತಿನಲ್ಲಿ ಮೇರಿಯ ಪರವಿದ್ದ ಮೂವರೇ ಮೂರನೆಯ ಸುತ್ತಿನಲ್ಲಿಯೂ ಅವರ ಪರವಿದ್ದಿದ್ದರೆ ಮೇರಿ ಗೆಲ್ಲುತ್ತಿದ್ದರು. ಹಾಗಾಗಲಿಲ್ಲ. ಬಹುಮತದ ಸಂಖ್ಯೆ ಎರಡೂ ಸುತ್ತುಗಳಲ್ಲಿ ಒಂದೇ ಆಗಿದ್ದರೂ ಅದರೊಳಗಿನ ಮುಖಗಳು ಬದಲಾಗಿದ್ದವು. ಕಡಿಮೆ ಮತ ಪಡೆದ ಪಕ್ಷ ಹೆಚ್ಚು ಸ್ಥಾನ ಗೆಲ್ಲುವುದನ್ನು ಚುನಾವಣೆಗಳಲ್ಲಿ ನಾವು ಕಂಡಿದ್ದೇವೆ. ಅಲ್ಲಿ ಯಾರೂ ಮತಗಳನ್ನು ಕದ್ದಿರುವುದಿಲ್ಲ, ಎಣಿಸುವ ಘಟಕ ಬೇರೆಯಾಗಿರುತ್ತದೆ ಅಷ್ಟೆ. ಆದುದರಿಂದ ಮೋಸವೆಂಬ ಮಾತನ್ನು ನಾನು ಒಪ್ಪಲಾರೆ. ಮೊದಲ ಸುತ್ತನ್ನು ಅಷ್ಟು ದೊಡ್ಡ ಅಂತರದಲ್ಲಿ ಬಿಟ್ಟುಕೊಟ್ಟದ್ದು ಮೇರಿಗೆ ಮುಳುವಾಯಿತು.

ಹಾಗಾದರೆ ಈ ಪದ್ಧತಿಯಲ್ಲಿ ದೋಷವೇ ಇಲ್ಲವೇ? ಇದೆ. ಅದು ಕೂಡಿಸುವುದರಲ್ಲಿ ಇರುವುದಕ್ಕಿಂತ ಸುತ್ತಿಗೆ ಬೆಲೆ ಕಟ್ಟುವುದರಲ್ಲಿ ಇದೆ. ಸುತ್ತನ್ನು ಗೆದ್ದವರಿಗೆ ಹತ್ತು, ಸೋತವರಿಗೆ ಸಾಮಾನ್ಯವಾಗಿ ಒಂಬತ್ತು. ಎದುರಾಳಿಯನ್ನು ಸುತ್ತಿನುದ್ದಕ್ಕೂ ಕಣದ ಮೂಲೆಗೆ ಅಟ್ಟಿ ಸ್ಪಷ್ಟವಾಗಿ ಗೆದ್ದರೂ ಹೆಚ್ಚಾಗಿ ಹತ್ತು–ಒಂಬತ್ತೇ. ಗಂಟೆ ಬಾರಿಸುವ ಮುನ್ನ ಒಂದು ಹೊಡೆತ ಹೆಚ್ಚಿಗೆ ತಾಗಿಸಿ ಕೂದಲೆಳೆಯಷ್ಟು ಮುಂದಾದರೂ ಹತ್ತು–ಒಂಬತ್ತೇ. ನಿರ್ಣಾಯಕನ ಮನಸ್ಸಿನಲ್ಲಿ ‘ಬಹುಶಃ’ ಎಂದಿದ್ದುದು ಕಾಗದದ ಮೇಲೆ ‘ನಿಶ್ಚಯ’ ಆಗಿಬಿಡುತ್ತದೆ. ಉತ್ತರ ಪತ್ರಿಕೆಗಳನ್ನು ಮೌಲ್ಯಮಾಪನ ಮಾಡುವ ನಮ್ಮಂಥವರಿಗೆ ಈ ಸಂಕಟ ಹೊಸದಲ್ಲ. ಆರಕ್ಕೂ ಏಳಕ್ಕೂ ನಡುವೆ ಎಷ್ಟೋ ಹೊತ್ತು ಹೊಯ್ದಾಡಿದ ಪೆನ್ನು ಕೊನೆಗೆ ಒಂದನ್ನು ಬರೆಯುತ್ತದೆ. ಹೊಯ್ದಾಟದ ಗುರುತು ಅಂಕಪಟ್ಟಿಯಲ್ಲಿ ಎಲ್ಲಿಯೂ ಇರುವುದಿಲ್ಲ.

ಈ ಸಂದರ್ಭದಲ್ಲಿ ನನಗೆ ನೆನಪಾಗುವುದು ಒಂದು ಮರಾಠಿ ಶಬ್ದ. ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿಯೂ ಮುಂದೆ ಮರಾಠಿ ಮಾಧ್ಯಮದಲ್ಲಿಯೂ ಕಲಿತವನು ನಾನು. ಮರಾಠಿಯಲ್ಲಿ ಪರೀಕ್ಷೆಯದೂ ‘ನಿಕಾಲ’, ನ್ಯಾಯಾಲಯದ್ದೂ ‘ನಿಕಾಲ’. ಜಾತ್ರೆಯ ಕೆಂಪು ಮಣ್ಣಿನಲ್ಲಿ ಒಬ್ಬ ಪೈಲವಾನ ಇನ್ನೊಬ್ಬನನ್ನು ಚಿತ್ ಮಾಡುವವರೆಗೆ ನಡೆಯುವುದು ‘ನಿಕಾಲಿ ಕುಸ್ತಿ’. ಮೂರೂ ಬೇರೆಬೇರೆ ವಿಷಯಗಳೆಂದು ಹುಡುಗನಾಗಿದ್ದಾಗ ನನಗೆ ಅನ್ನಿಸಲೇ ಇಲ್ಲ. ಕನ್ನಡದಲ್ಲಿ ಬರೆಯತೊಡಗಿದ ಮೇಲೆಯೇ ತೊಡಕು ಕಂಡದ್ದು: ಪರೀಕ್ಷೆಗೆ ‘ಫಲಿತಾಂಶ’, ನ್ಯಾಯಾಲಯಕ್ಕೆ ‘ತೀರ್ಪು’. ಫಲಿತಾಂಶ ತಾನಾಗಿ ಒದಗುವಂಥದು, ಮರದಲ್ಲಿ ಕಾಯಿ ಹಿಡಿದಂತೆ. ತೀರ್ಪು ಒಬ್ಬರು ಕೊಡುವಂಥದು. ಅದರ ಹಿಂದೆ ಒಂದು ಮನಸ್ಸು ಇರುತ್ತದೆ. ಆ ಮನಸ್ಸನ್ನು ಕಾರಣ ಕೇಳಬಹುದು. ‘ತೀರು’ ಎಂಬ ಧಾತುವಿನಿಂದ ಬಂದಿದ್ದರೂ ಎಲ್ಲ ತೀರ್ಪುಗಳಿಂದಲೂ ವ್ಯಾಜ್ಯ ತೀರುವುದಿಲ್ಲವೆಂಬುದು ಬೇರೆ ಮಾತು.

ಬಾಕ್ಸಿಂಗಿನಲ್ಲಿ ಇವೆರಡೂ ಒಂದೇ ಕಣದಲ್ಲಿವೆ. ಹೊಡೆತ ತಿಂದು ಬಿದ್ದವನು ಹತ್ತು ಎಣಿಸುವಷ್ಟರಲ್ಲಿ ಏಳದಿದ್ದರೆ ಅದು ಫಲಿತಾಂಶ. ಇಬ್ಬರೂ ಕೊನೆಯವರೆಗೆ ನಿಂತಿದ್ದರೆ ತೀರ್ಪು. ನಮ್ಮ ಜಾತ್ರೆಯ ಕುಸ್ತಿಯಲ್ಲಿ ಹೊತ್ತು ಮೀರಿದರೂ ಯಾರೂ ಬೀಳದಿದ್ದರೆ ಹಿರಿಯರು ನಡುವೆ ಬಂದು ಜೋಡಿಯನ್ನು ‘ಬರೋಬರಿ’ ಎಂದು ಬಿಡಿಸುತ್ತಾರೆ. ಒಲಿಂಪಿಕ್ ಕಣದಲ್ಲಿ ಆ ಅನುಕೂಲವಿಲ್ಲ. ಒಬ್ಬರು ಮುಂದಿನ ಹಂತಕ್ಕೆ ಹೋಗಲೇಬೇಕು. (ಚಿತ್ ಆದ ಕುಸ್ತಿಗೆ ವಿವಾದವಿಲ್ಲವೆಂದಲ್ಲ. 2025ರಲ್ಲಿ ಅಹಿಲ್ಯಾನಗರದಲ್ಲಿ ನಡೆದ ಮಹಾರಾಷ್ಟ್ರ ಕೇಸರಿಯಲ್ಲಿ ಬೆನ್ನು ನೆಲಕ್ಕೆ ತಾಗಿತೋ ಇಲ್ಲವೋ ಎಂಬುದಕ್ಕಾಗಿ ಪಂಚರ ಮೇಲೆಯೇ ಕೈಮಾಡಿದ ಪ್ರಸಂಗ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು.)

ಇನ್ನು ಮರುಪಂದ್ಯದ ಮಾತು. ವೃತ್ತಿಪರ ಬಾಕ್ಸಿಂಗಿನಲ್ಲಿ ಇದಕ್ಕೆ ಅವಕಾಶವುಂಟು. ನಮ್ಮ ವಿದ್ಯಾರ್ಥಿನಿಯ ಊಹೆಯನ್ನು ಒರೆಗೆ ಹಚ್ಚಲು ಮೆಕ್ಸಿಕೊದ ಕನೆಲೊ ಅಲ್ವಾರೆಸ್ ಮತ್ತು ಕಜಕಿಸ್ತಾನದ ಗೆನ್ನಡಿ ಗೊಲೊವ್ಕಿನ್ ಇವರ ಮೂರು ಪಂದ್ಯಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಮೊದಲನೆಯದು 2017ರ ಸೆಪ್ಟೆಂಬರ್ 16ರಂದು ಲಾಸ್ ವೇಗಸ್‌ನಲ್ಲಿ ನಡೆಯಿತು. ಹನ್ನೆರಡು ಸುತ್ತು, ಮೂವರು ನಿರ್ಣಾಯಕರು, ಯಾರೂ ನೆಲಕ್ಕೆ ಬೀಳಲಿಲ್ಲ. ಒಬ್ಬರು 115–113 ಎಂದು ಗೊಲೊವ್ಕಿನ್‌ಗೆ ಕೊಟ್ಟರು, ಅಂದರೆ ಏಳು ಸುತ್ತು ಅವನಿಗೆ, ಐದು ಇವನಿಗೆ. ಇನ್ನೊಬ್ಬರು 114–114, ಸಮಸಮ. ಮೂರನೆಯವರು 118–110 ಎಂದು ಹತ್ತು ಸುತ್ತುಗಳನ್ನು ಅಲ್ವಾರೆಸ್‌ಗೆ ಕೊಟ್ಟುಬಿಟ್ಟರು. ಒಟ್ಟು ಪಂದ್ಯ ಸಮವೆಂದು ಘೋಷಿತವಾಯಿತು.

ಮೂವರೂ ಒಂದೇ ಕಣದ ಸುತ್ತ ಕುಳಿತು ಒಂದೇ ಪಂದ್ಯವನ್ನು ನೋಡಿದವರು. ವೃತ್ತಿಪರ ಕಣದಲ್ಲಿ ನೋಡಬೇಕಾದುವು ನಾಲ್ಕು: ಸ್ವಚ್ಛವಾಗಿ ತಾಗಿದ ಹೊಡೆತ, ಫಲಕಾರಿಯಾದ ಮುನ್ನುಗ್ಗುವಿಕೆ, ಕಣದ ಮೇಲಿನ ಹಿಡಿತ, ರಕ್ಷಣೆ. ಆ ರಾತ್ರಿ ಬಹುಪಾಲು ಮುಂದೆ ನುಗ್ಗುತ್ತಿದ್ದವನು ಗೊಲೊವ್ಕಿನ್. ಹಗ್ಗಕ್ಕೆ ಬೆನ್ನು ಕೊಟ್ಟು ತಪ್ಪಿಸಿಕೊಂಡು ತಿರುಗಿ ಬಾರಿಸುತ್ತಿದ್ದವನು ಅಲ್ವಾರೆಸ್. ನುಗ್ಗುವಿಕೆಗೆ ಬೆಲೆ ಕೊಟ್ಟವರಿಗೆ ಒಬ್ಬ ಕಂಡ, ತಪ್ಪಿಸಿ ಹೊಡೆಯುವ ಜಾಣ್ಮೆಗೆ ಬೆಲೆ ಕೊಟ್ಟವರಿಗೆ ಇನ್ನೊಬ್ಬ. ಇಷ್ಟನ್ನು ಅರ್ಥಮಾಡಿಕೊಳ್ಳಬಹುದು. 115–113 ಯಾರ ಕಡೆಗಿದ್ದರೂ ನಾನು ವಾದಿಸಲು ಸಿದ್ಧನಿದ್ದೇನೆ. ಗೊಲೊವ್ಕಿನ್ ಒಂದೆರಡು ಸುತ್ತುಗಳಿಂದ ಗೆದ್ದಿದ್ದನೆಂಬುದೇ ನನ್ನ ಎಣಿಕೆ. ಆದರೆ ಹತ್ತು ಸುತ್ತುಗಳನ್ನು ಒಬ್ಬನಿಗೆ ಕೊಟ್ಟ ಪಟ್ಟಿಯನ್ನು ಮಾತ್ರ ಅಭಿರುಚಿಯ ವ್ಯತ್ಯಾಸವೆಂದು ಸಮರ್ಥಿಸಲಾರೆ. ಕಾವ್ಯದ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಪುಟಗಳನ್ನೇ ತಿರುವಿಹಾಕದೆ ಬರೆದ ವಿಮರ್ಶೆಗೆ ಆ ಹೆಸರು ಸಲ್ಲದು.

ಜನ ಕೂಗಿದರು, ಮರುಪಂದ್ಯ ನಿಗದಿಯಾಯಿತು. 2018ರ ಮೇ ತಿಂಗಳಲ್ಲಿ ನಡೆಯಬೇಕಾಗಿದ್ದ ಅದು ಅಲ್ವಾರೆಸ್‌ನ ಪರೀಕ್ಷೆಯಲ್ಲಿ ಕ್ಲೆನ್‌ಬ್ಯುಟೆರಾಲ್ ಎಂಬ ನಿಷೇಧಿತ ವಸ್ತು ಕಂಡುಬಂದು, ಅವನಿಗೆ ಆರು ತಿಂಗಳ ಅಮಾನತು ಆಗಿ, ಸೆಪ್ಟೆಂಬರ್ 15ಕ್ಕೆ ಹೋಯಿತು. ಈ ಸಲ ಅಲ್ವಾರೆಸ್ ಹಿಂಜರಿಯಲಿಲ್ಲ. ಕಣದ ನಡುವೆ ನಿಂತು ಗೊಲೊವ್ಕಿನ್‌ನನ್ನೇ ಹಿಂದಕ್ಕೆ ಒತ್ತಿದ. ಇಬ್ಬರು ನಿರ್ಣಾಯಕರು 115–113 ಎಂದು ಅವನಿಗೆ ಕೊಟ್ಟರು, ಮೂರನೆಯವರು 114–114 ಎಂದರು. ಮೊದಲ ಪಂದ್ಯದಲ್ಲಿ ಗೊಲೊವ್ಕಿನ್‌ನನ್ನು ಗೆಲ್ಲಿಸಿದ್ದ ನಿರ್ಣಾಯಕರೇ ಈ ಸಲ ಅದೇ ಅಂತರದಿಂದ ಅಲ್ವಾರೆಸ್‌ನನ್ನು ಗೆಲ್ಲಿಸಿದರು. ವಿವಾದ ತಣ್ಣಗಾಯಿತೇ? ಇಲ್ಲ, ಒಂದಿದ್ದದ್ದು ಎರಡಾಯಿತು. ಮೂರನೆಯ ಪಂದ್ಯ ನಡೆದದ್ದು 2022ರ ಸೆಪ್ಟೆಂಬರ್ 17ರಂದು, ಮೇಲಿನ ತೂಕ ವಿಭಾಗದಲ್ಲಿ. ಆಗ ಗೊಲೊವ್ಕಿನ್‌ಗೆ 40 ವರ್ಷ, ಅಲ್ವಾರೆಸ್‌ಗೆ 32. ಮೂವರು ನಿರ್ಣಾಯಕರೂ ಒಮ್ಮತದಿಂದ ಅಲ್ವಾರೆಸ್‌ನನ್ನು ಆರಿಸಿದರು.

ಈ ಮೂರನೆಯ ತೀರ್ಪನ್ನು ಮುಂದಿಟ್ಟುಕೊಂಡು 2017ರ ರಾತ್ರಿಯಲ್ಲಿಯೂ ಅಲ್ವಾರೆಸ್‌ನೇ ಮೇಲುಗೈಯಾಗಿದ್ದನೆಂದು ಹೇಳಬಹುದೇ? ನಲವತ್ತರ ಮನುಷ್ಯ ಸೋತದ್ದು ಅವನು ಮೂವತ್ತೈದರಲ್ಲಿ ಏನು ಮಾಡಿದ್ದನೆಂಬುದಕ್ಕೆ ಸಾಕ್ಷಿಯಾಗದು. ಮರುಪಂದ್ಯವು ಹಳೆಯ ಪ್ರಶ್ನೆಗೆ ಹೊಸ ಉತ್ತರವೆಂದು ನಾವು ಭಾವಿಸುತ್ತೇವೆ. ಅದು ಹೊಸ ಪ್ರಶ್ನೆ. ದೇಹಗಳು ಬೇರೆ, ತಯಾರಿ ಬೇರೆ, ಎದುರಾಳಿಯ ವರಸೆಗಳ ಅರಿವು ಬೇರೆ. ಮೊದಲ ರಾತ್ರಿ ತಪ್ಪಾಗಿದ್ದರೆ ಆ ತಪ್ಪು ಅಲ್ಲಿಯೇ, ಆ ತಾರೀಖಿನಲ್ಲಿಯೇ ಕುಳಿತಿದೆ. ಟಿಕೆಟ್ ಮಾರುವವರಿಗೆ ಮರುಪಂದ್ಯ ಲಾಭದ ಸಂಗತಿ. ನೋಡುವವರಿಗೆ ಸಂತೋಷವೂ ಹೌದು, ನಾನೂ ಆ ಸಂತೋಷವನ್ನು ಬಿಟ್ಟವನಲ್ಲ. ಅದನ್ನು ನ್ಯಾಯವೆಂದು ಕರೆಯುವುದಕ್ಕೆ ಮಾತ್ರ ನನ್ನ ತಕರಾರು.

ಮನುಷ್ಯರ ಕಣ್ಣನ್ನು ನಂಬುವುದೇ ಬೇಡ, ಹೊಡೆತಗಳನ್ನು ಎಣಿಸಿಬಿಡೋಣ ಎಂಬ ಪ್ರಯೋಗವೂ ಆಗಿದೆ. 1988ರ ಸೋಲ್ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಅಮೆರಿಕದ ರಾಯ್ ಜೋನ್ಸ್ ತಾಗಿಸಿದ ಹೊಡೆತಗಳು 86, ಆತಿಥೇಯ ದೇಶದ ಪಾರ್ಕ್ ಸಿ-ಹುನ್ ತಾಗಿಸಿದವು 32. ಚಿನ್ನ ಹೋದದ್ದು 3–2ರಿಂದ ಪಾರ್ಕ್‌ಗೆ. ಅದು ಬಿಗಿಯಾದ ಪಂದ್ಯವೇ ಅಲ್ಲ, ಆದುದರಿಂದ ನಮ್ಮ ಚರ್ಚೆಗೆ ಅಷ್ಟಾಗಿ ಸೇರದು. ಆ ಹಗರಣದ ಬಳಿಕ 1992ರಿಂದ ನಿರ್ಣಾಯಕರ ಕೈಗೆ ಗುಂಡಿಗಳು ಬಂದವು: ಹೊಡೆತ ತಾಗಿತೆಂದು ಐವರಲ್ಲಿ ಮೂವರು ಸರಿಸುಮಾರು ಒಂದೇ ಕ್ಷಣದಲ್ಲಿ ಒತ್ತಿದರೆ ಒಂದು ಅಂಕ. ಸುಂದರವಾದ ಹೊಡೆತಗಳು ಬೆರಳಿನ ವಿಳಂಬದಲ್ಲಿ ಕಳೆದುಹೋದವು. ಆಟಗಾರರು ಬಾಕ್ಸಿಂಗನ್ನು ಬಿಟ್ಟು ಮುಟ್ಟಾಟ ಆಡತೊಡಗಿದರು. 2012ರ ಲಂಡನ್ ಕೂಟದ ನಂತರ ಅದನ್ನು ಕೈಬಿಟ್ಟು ಹತ್ತು ಅಂಕಗಳ ಪದ್ಧತಿಗೆ ಬರಬೇಕಾಯಿತು.

ನನ್ನ ಸೂಚನೆ ಚಿಕ್ಕದು. ತೀರ್ಪು ಎಂದಮೇಲೆ ಕಾರಣವಿರಲಿ. ನಿರ್ಣಾಯಕರು ಪಂದ್ಯದ ನಂತರ ತಮಗೆ ಬಿಗಿಯೆನಿಸಿದ ಸುತ್ತುಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಎರಡೆರಡು ಸಾಲು ಬರೆದು ಸಹಿ ಮಾಡಿ ಪ್ರಕಟಿಸಲಿ: ಇಂಥ ಸುತ್ತನ್ನು ಇಂಥವರಿಗೆ ಕೊಟ್ಟೆ, ಏಕೆಂದರೆ ಇದನ್ನು ಕಂಡೆ. ತೀರ್ಪು ಬದಲಾಗದಿದ್ದರೂ ಚಿಂತೆಯಿಲ್ಲ. ಹತ್ತು ಸುತ್ತು ಕೊಟ್ಟವರು ಹತ್ತು ಕಾರಣ ಬರೆಯಲು ಕುಳಿತರೆ ಪೆನ್ನು ಎಲ್ಲಿಯೋ ತಡೆಯುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ನನ್ನದೇ ಒಂದು ತಪ್ಪು ಕಾರಣವಾಗಿದೆ. ಇಪ್ಪತ್ತು ವರ್ಷಗಳ ಹಿಂದಿನ ಮಾತು. ಒಂದು ಅಂತರ್‌ಕಾಲೇಜು ಚರ್ಚಾಸ್ಪರ್ಧೆಗೆ ಮೂವರು ನಿರ್ಣಾಯಕರಲ್ಲಿ ಒಬ್ಬನಾಗಿ ಹೋಗಿದ್ದೆ. ಮೊದಲ ಬಹುಮಾನ ಒಂದು ಅಂಕದ ಅಂತರದಲ್ಲಿ ನಿರ್ಣಯವಾಯಿತು. ಎರಡನೆಯವಳಾಗಿ ಉಳಿದವಳು ಗಡಿಯ ಹಳ್ಳಿಯೊಂದರಿಂದ ಎಸ್‌ಟಿ ಬಸ್ಸಿನಲ್ಲಿ ಬಂದವಳು. ಕಾರ್ಯಕ್ರಮ ಮುಗಿದ ಮೇಲೆ ನನ್ನ ಬಳಿ ಬಂದು, “ಸರ್, ನಂದೇನು ಕಡಿಮಿ ಬಿತ್ತ್ರೀ?” ಎಂದು ಕೇಳಿದಳು. ದನಿಯಲ್ಲಿ ಜಗಳವಿರಲಿಲ್ಲ. ನಾನು ಪಟ್ಟಿಯನ್ನು ತೆಗೆದು ನೋಡಿದೆ. ವಿಷಯ, ಭಾಷೆ, ಮಂಡನೆ ಎಂಬ ಮೂರು ಅಂಕಣಗಳು. ಭಾಷೆಯ ಅಂಕಣದಲ್ಲಿ ಅವಳಿಗೆ ಒಂದು ಅಂಕ ಕಡಿಮೆ. ಏಕೆ? ಅವಳ ಕನ್ನಡದಲ್ಲಿ ಮರಾಠಿಯ ಎಳೆಯಿತ್ತು. ನನ್ನ ಕನ್ನಡದಲ್ಲಿ ಇರುವಂಥದೇ ಎಳೆ. ಅದನ್ನು ದೋಷವೆಂದು ನಾನು ಯೋಚಿಸಿ ಬರೆದದ್ದಲ್ಲ. ಕೈ ತಾನಾಗಿ ಬರೆದಿತ್ತು. ಕಾರಣ ಬರೆಯಬೇಕಾಗಿದ್ದರೆ ಆ ಅಂಕವನ್ನು ನಾನು ಕಳೆಯುತ್ತಿರಲಿಲ್ಲ. ನಾನು ಮಾತಾಡಲು ತಡವರಿಸುತ್ತಿದ್ದಾಗ ಸಂಘಟಕರಲ್ಲೊಬ್ಬರು ನಗುತ್ತ, “ಮುಂದಿನ ವರ್ಷ ಮತ್ತ ಬಾರವಾ” ಎಂದರು. ಅವಳು ಅಂತಿಮ ವರ್ಷದಲ್ಲಿದ್ದಳು.

ವಿಭಾಗದ ಆ ಇಬ್ಬರಿಗೆ ಈಗ ಒಂದು ಕೆಲಸ ಹಚ್ಚಿದ್ದೇನೆ. ಇಚ್ಛೆಯುಳ್ಳ ಇತರರೂ ಸೇರಬಹುದು. ಮೇರಿ–ವಾಲೆನ್ಸಿಯಾ ಪಂದ್ಯವನ್ನು ಧ್ವನಿ ಪೂರ್ತಿ ಅಡಗಿಸಿ ನೋಡಿರಿ, ವೀಕ್ಷಕ ವಿವರಣೆ ನಿಮ್ಮ ಕಣ್ಣನ್ನು ಎಳೆಯದಿರಲಿ. ಪ್ರತಿ ಸುತ್ತಿನ ಕೊನೆಗೆ ನಿಲ್ಲಿಸಿ ಅಂಕ ಬರೆಯಿರಿ, ಕೆಳಗೆ ಎರಡು ಸಾಲು ಕಾರಣ, ಶುದ್ಧ ಕನ್ನಡದಲ್ಲಿ ಅಥವಾ ನಿಮ್ಮ ಮನೆಯ ಕನ್ನಡದಲ್ಲಿ. ಹಾಳೆಗಳನ್ನು ವಿಭಾಗದ ಮೇಜಿನ ಮೇಲಿಟ್ಟರೆ ಸಾಕು. ನನ್ನದು ಈಗಾಗಲೇ ಅಲ್ಲಿದೆ. ಮೊದಲನೆಯದು ವಾಲೆನ್ಸಿಯಾಗೆ, ಎರಡನೆಯದು ಮೇರಿಗೆ. ಮೂರನೆಯ ಸುತ್ತಿನ ಎದುರು ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿದ್ದೇನೆ.