ಕಡೆಯ ಸಾಲಿನ ಆಸನ

ಅಮೆರಿಕದ ಶ್ವೇತಭವನದ ಎದುರಿಗೇ ಸೇಂಟ್ ಜಾನ್ಸ್ ಎಂಬ ಎಪಿಸ್ಕೋಪಲ್ ಚರ್ಚು ಇದೆ. 1816ರಲ್ಲಿ ಅದು ಸಿದ್ಧವಾದಾಗ ಅಲ್ಲಿನ ಆಸನಗಳಿಗೆ ಬಾಡಿಗೆಯಿತ್ತು. ಅಧ್ಯಕ್ಷ ಮ್ಯಾಡಿಸನ್ನರಿಗೆ ಉಚಿತವಾಗಿ ಕೊಡಬಂದರೆ ಅವರು ಒಪ್ಪಲಿಲ್ಲ. ಎಲ್ಲರಂತೆ ಹಣ ತೆತ್ತೇ ಕುಳಿತರು. ಅಂತರ್ಯುದ್ಧದ ಸಂಜೆಗಳಲ್ಲಿ ಲಿಂಕನ್ನರು ಒಬ್ಬರೇ ಬಂದು, ಕಡೆಯ ಸಾಲಿನಲ್ಲಿ ಕುಳಿತು ಪ್ರಾರ್ಥಿಸಿ, ಸದ್ದಿಲ್ಲದೆ ಹೊರಟುಹೋಗುತ್ತಿದ್ದರಂತೆ.

ದೇವರ ಮುಂದೆ ಅಧಿಕಾರಕ್ಕೆ ಯಾವ ಸ್ಥಾನ? ಬಸವಕಲ್ಯಾಣಕ್ಕೆ ಈ ಪ್ರಶ್ನೆ ಹೊಸದಲ್ಲ. 12ನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅನುಭವ ಮಂಟಪದಲ್ಲಿ ಸಮಗಾರ ಹರಳಯ್ಯ, ಅಂಬಿಗರ ಚೌಡಯ್ಯರೊಡನೆ ಸರಿಸಮನಾಗಿ ಕುಳಿತರು. ಶೂನ್ಯಸಿಂಹಾಸನ ಸಂದುದು ಅಲ್ಲಮಪ್ರಭುವಿಗೆ. ಆ ಸಮತೆ ಮಂಟಪವನ್ನು ದಾಟಿ ಮದುವೆಯ ಹಂದರಕ್ಕೆ ಬಂದಾಗ ಮಾತ್ರ ಅರಮನೆ ಸಹಿಸಲಿಲ್ಲ. ಬ್ರಾಹ್ಮಣ ಮಧುವರಸನ ಮಗಳನ್ನು ಸೊಸೆಯಾಗಿ ತಂದುಕೊಂಡ ಹರಳಯ್ಯನೂ, ಅವನ ಬೀಗನೂ ಅದಕ್ಕಾಗಿ ಪ್ರಾಣವನ್ನೇ ತೆತ್ತರೆನ್ನುತ್ತವೆ ಶರಣಚರಿತ್ರೆಗಳು.

ಅದೇ ಸೀಮೆಯ ಹುಮನಾಬಾದಿನ ಮಗ್ಗುಲಲ್ಲಿ ಮಾಣಿಕನಗರವಿದೆ. ಎಲ್ಲ ಮತಗಳೂ ಸತ್ಯವೆಂದು ಸಾರಿ, ಹಿಂದೂ ಮುಸಲ್ಮಾನರಿಬ್ಬರಿಗೂ ಪೂಜ್ಯರಾದ ಮಾಣಿಕಪ್ರಭುಗಳು ಅಲ್ಲಿ ಸಮಾಧಿಸ್ಥರಾದುದು 1865ರಲ್ಲಿ. ಲಿಂಕನ್ನರು ಗುಂಡಿಗೆ ಬಲಿಯಾದುದೂ ಅದೇ ವರ್ಷ.

ಕಡೆಯ ಸಾಲಿಗೆ ಸರಿದು ಕುಳಿತ ದೊಡ್ಡವರನ್ನು ಲೋಕ ಮರೆಯದು. ಆದರೆ ಸಮತೆಯ ನಿಜವಾದ ಪರೀಕ್ಷೆ ನಡೆಯುವುದು ದೇಗುಲದ ಒಳಗಲ್ಲ, ಹೊಸ್ತಿಲಿನ ಆಚೆಗೆ. ಹರಳಯ್ಯನ ಕಲ್ಯಾಣ ಕಲಿಸಿದ ಪಾಠ ಅದು.